ಗಂಡನ ಹೆಸರು ಹೇಳದವಳು

ಶಿಷ್ಯ ಪ್ರಭಂಜನ ಕೇಳಿದ: "ಗುರುಗಳೇ, ಡಾಕ್ಯುಮೆಂಟ್ ಡೇಟಾಬೇಸು ಯಾವ ಆಕಾರದ ಜೇಸನ್ ದಾಖಲೆ ಕೊಟ್ಟರೂ ಬೇಡ ಅನ್ನುವುದಿಲ್ಲ. ಹೀಗಿರುವಾಗ ಯಾವ ವಿವರ ಎಲ್ಲಿರಬೇಕೆಂದು ನಾವು ಮೊದಲೇ ಕಟ್ಟುಮಾಡುವುದೇಕೆ?"

ಗುರುಗಳು ಹೇಳಿದರು.

ಹೊಳೆ ಉಕ್ಕಿ ಊರು ಮುಳುಗಿತು. ಕಂಬಳಿ ನೇಯುವ ಮುದುಕನೊಬ್ಬ ಒಂದು ದೋಣಿಯಲ್ಲಿ, ಅವನ ಹೆಂಡತಿ ಮಾಳವ್ವ ಇನ್ನೊಂದರಲ್ಲಿ ದಡ ಸೇರಿದರು. ಹನ್ನೊಂದು ಕಡೆ ಗಂಜಿಕೇಂದ್ರ ತೆರೆದಿದ್ದರು. ಸ್ವಯಂಸೇವಕರು ಬಂದವರ ವಿವರವನ್ನು ತಮಗೆ ತೋಚಿದಂತೆ ಡೇಟಾಬೇಸಿಗೆ ತುಂಬಿದರು. ಅದು ಎಲ್ಲವನ್ನೂ ತೆಗೆದುಕೊಂಡಿತು.

ಮುದುಕ ಮೂರು ದಿನ ಅಲೆದು ದೊಡ್ಡ ಕೇಂದ್ರಕ್ಕೆ ಬಂದು ಹೆಂಡತಿಯ ಹೆಸರು ಹೇಳಿದ. ಆ ಸೀಮೆಯಲ್ಲಿ ಮನೆಗೊಬ್ಬಳು ಮಾಳವ್ವ. ಪಟ್ಟಿಯಲ್ಲಿ ಇನ್ನೂರು ಮಂದಿ ಸಿಕ್ಕರು. ಗುಮಾಸ್ತ ಗಂಡನ ಹೆಸರು ಕೇಳಿದ. ಸಿದ್ಧಮಲ್ಲ ಎಂದ ಮುದುಕ.

"ಇಲ್ಲ ಅಜ್ಜಾ. ಸಿದ್ಧಮಲ್ಲನ ಹೆಂಡತಿ ಯಾವ ಕೇಂದ್ರದಾಗೂ ಇಲ್ಲ."

"ಇನ್ನೊಮ್ಮೆ ನೋಡೋ ತಮ್ಮಾ. ಗಿಡ್ಡಕ್ಕದಾಳ, ಬಾಯಿ ಮಾತ್ರ ಜೋರು."

ಗುಮಾಸ್ತ ಇನ್ನೊಮ್ಮೆ ನೋಡಿದ. ಇರಲಿಲ್ಲ. ಮಷಿನ್ನೇ ಇಲ್ಲ ಅಂದಮೇಲೆ ಇಲ್ಲವೆಂದು ಮುದುಕ ನಂಬಿದ. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಒಮ್ಮೆಯೂ ಗಂಡನ ಹೆಸರೆತ್ತಿದವಳಲ್ಲ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ. ಊರಿಗೆ ಹೋಗಿ, ಮನೆಯ ಕೆಸರು ಬಳಿದುಹಾಕಿ, ಅವಳ ದಿನ ಮಾಡಿದ. ಅಂದು ಅವಳಿನ್ನೂ ಬದುಕಿದ್ದಳು.

ಮಾಳವ್ವ ಇದ್ದದ್ದು ಎರಡು ಹರದಾರಿ ಆಚೆಯ ಕೇಂದ್ರದಲ್ಲಿ. ಗಂಡನ ಹೆಸರು ಕೇಳಿದಾಗ ಸೆರಗು ಬಾಯಿಗಿಟ್ಟುಕೊಂಡು, ಕಂಬಳಿ ನೇಯೋರು ಎಂದಷ್ಟೇ ಹೇಳಿದ್ದಳು. ಬರೆಯುತ್ತಿದ್ದವಳು ನಕ್ಕು, ಸುಳುಹು ಎಂದು ತಾನೇ ಒಂದು ಹೊಸ ಕಾಲಂ ಮಾಡಿ ಅದರಲ್ಲಿ ಬರೆದಿದ್ದಳು. ಅಂಥದೊಂದು ಇದೆಯೆಂದು ಹುಡುಕುವವರಿಗೆ ಗೊತ್ತಿರಲಿಲ್ಲ. ದೋಣಿ ಬಂದಾಗಲೆಲ್ಲ ಮಾಳವ್ವ ಎದ್ದುಹೋಗಿ ದಡದಲ್ಲಿ ನಿಲ್ಲುತ್ತಿದ್ದಳು. ಜ್ವರ ಏರಿತು. ಹದಿನಾಲ್ಕನೆಯ ದಿನ ತೀರಿಕೊಂಡಳು. ಅವಳು ಹೊದೆದಿದ್ದ ಕಂಬಳಿಯ ಅಂಚಿನ ನೇಯ್ಗೆ ಗುರುತಿಸಿ ಊರವನೊಬ್ಬ ಅದನ್ನು ತಂದುಕೊಟ್ಟ. ಮುದುಕ ಅಂಚನ್ನು ಬೆರಳಿಂದ ಸವರಿ ನೋಡಿದ. ಆಮೇಲೆ ಅವನು ಮಗ್ಗ ಮುಟ್ಟಲಿಲ್ಲ.

ಶಿಷ್ಯ ತಗ್ಗಿದ ದನಿಯಲ್ಲಿ, ಅವಳ ಆ ದಾಖಲೆ ಏನಾಯಿತೆಂದು ಕೇಳಿದ.

"ಏನೂ ಆಗಿಲ್ಲ. ಇವತ್ತಿಗೂ ಭದ್ರವಾಗಿದೆ."