ಕಲೆ ಬಿದ್ದ ಗೆಂಡೆಗಳು

ಶಿಷ್ಯ ಕೇಳಿದ: “ಗುರುಗಳೇ, ಜೂಜಿನ ಚಟಕ್ಕೆ ಬಿದ್ದು ಮಠ ಬಿಟ್ಟು ಹೋದವನು ಈಗ ಅದನ್ನು ತೊರೆದು ಬಂದು ಬಾಗಿಲಲ್ಲಿ ನಿಂತಿದ್ದಾನೆ. ಅವನನ್ನು ಒಳಗೆ ಸೇರಿಸಿದರೆ ಮಠ ಕೆಡುವುದಿಲ್ಲವೇ?”

ಗುರುಗಳು ಕತೆ ಹೇಳಿದರು.

ಒಬ್ಬ ಬೆಸ್ತನಿದ್ದ. ಗೆಂಡೆ ಮೀನಿನ ಒಂದು ಕೊಳವೇ ಅವನ ಬದುಕು. ಒಂದು ಚಳಿಗಾಲ ಮೀನುಗಳಿಗೆ ಹುಣ್ಣಿನ ರೋಗ ಬಂತು. ಚಳಿಯಲ್ಲಿ ಮೀನಿನ ರಕ್ತ ಹಗೆಯನ್ನು ಎದುರಿಸಲು ಸಜ್ಜಾಗುವುದು ನಿಧಾನ. ಸಾವಿರ ಮೀನು ಸತ್ತು ತೇಲಿದವು. ಮೂವತ್ತೋ ನಲವತ್ತೋ ಉಳಿದವು. ಬಿಸಿಲು ಏರಿದಂತೆ ಅವುಗಳ ಹುಣ್ಣು ಮಾಯ್ದು ಕಲೆ ಉಳಿಯಿತು.

ಪಕ್ಕದ ಕೊಳದ ಒಡೆಯನಾದ ವ್ಯಾಪಾರಿ ಬಂದು ಮೂಗು ಮುರಿದ.

“ಈ ಅಪಶಕುನಗಳನ್ನು ಯಾಕಯ್ಯಾ ಸಾಕುತ್ತೀ? ಹಿಡಿದು ಎಸೆ. ಕೊಳ ಬತ್ತಿಸಿ ಸುಣ್ಣ ಹಾಕು. ಊರೆಲ್ಲ ಹಾಗೇ ಮಾಡಿದೆ.”

“ಸಾವನ್ನು ನೋಡಿ ಬಂದವು ಸ್ವಾಮಿ ಇವು. ಕೊಲ್ಲಲು ನನಗೆ ಕೈ ಬರುವುದಿಲ್ಲ,” ಎಂದ ಬೆಸ್ತ.

ಊರು ನಕ್ಕಿತು. ಅವನಿಗೂ ಒಳಗೊಳಗೇ ಭಯ. ಸುಣ್ಣದ ಬುಟ್ಟಿಯನ್ನು ದಂಡೆಗೆ ತಂದು, ಮೂರು ದಿನ ಅಲ್ಲೇ ಇಟ್ಟು, ಮತ್ತೆ ಮನೆಗೆ ಹೊತ್ತೊಯ್ದ.

ಮರುವರ್ಷದ ಚಳಿಯಲ್ಲಿ ಕಾಲುವೆಯ ನೀರಿನೊಡನೆ ಅದೇ ರೋಗ ಮರಳಿತು. ಸುಣ್ಣ ಹಾಕಿದ ಕೊಳಗಳಲ್ಲಿ, ಹೊಸದಾಗಿ ತಂದು ಬಿಟ್ಟ ಕಲೆಯೇ ಇಲ್ಲದ ಮೀನುಗಳಲ್ಲಿ ಒಂದೂ ಉಳಿಯಲಿಲ್ಲ. ಬೆಸ್ತ ಎದ್ದವನೇ ಕೊಳಕ್ಕೆ ಓಡಿದ. ನೀರಿನ ಮೇಲೆ ಒಂದು ಹೆಣವೂ ಇರಲಿಲ್ಲ. ತವಡು ಎರಚಿದ. ಕಲೆ ಬಿದ್ದ ಗೆಂಡೆಗಳು ನೀರು ಸೀಳಿಕೊಂಡು ಮೇಲೆ ಬಂದವು! ವಯಸ್ಸನ್ನೂ ಮರೆತು ಅವನು ದಂಡೆಯ ಮೇಲೆ ಕುಣಿದೇಬಿಟ್ಟ.

ಒಮ್ಮೆ ಕಂಡ ಹಗೆಯ ಗುರುತನ್ನು ಆ ರಕ್ತ ಮರೆತಿರಲಿಲ್ಲ. ಅದಕ್ಕೆಂದೇ ಕಾವಲುಗಾರರನ್ನು ಹುಟ್ಟಿಸಿ, ಮೈಮೇಲಿನ ಲೋಳೆಯಲ್ಲೂ ನಿಲ್ಲಿಸಿತ್ತು. ಓದಿದವರು ಈ ಕಾವಲಿಗೆ ಪ್ರತಿಕಾಯ ಎನ್ನುತ್ತಾರೆ. ಬೆಸ್ತನಿಗೆ ಹೆಸರು ಬೇಕಿರಲಿಲ್ಲ, ಮೀನು ಬೇಕಿತ್ತು. ಮುಂದೆ ಗೆಂಡೆಗಳು ಮೊಟ್ಟೆಯಿಟ್ಟವು. ಆ ಕಾವಲನ್ನು ತಾಯಿಮೀನುಗಳು ಮೊಟ್ಟೆಗೂ ಒಂದಿಷ್ಟು ಬುತ್ತಿಯಾಗಿ ಕಟ್ಟಿಕೊಟ್ಟಿದ್ದವು. ಮೂಗು ಮುರಿದ ವ್ಯಾಪಾರಿಯೇ ಕೊಡ ಹಿಡಿದು ಮರಿಗಳಿಗಾಗಿ ಮೊದಲು ಬಂದು ನಿಂತ. ಊರಿನ ಕೊಳಗಳೆಲ್ಲ ಮತ್ತೆ ತುಂಬಿದವು.

ಶಿಷ್ಯ ಬಾಗಿಲ ಕಡೆ ನೋಡಿದ. “ಆದರೂ ಗುರುಗಳೇ, ಕಲೆ ಕಲೆಯೇ ಅಲ್ಲವೇ?”

ಗುರುಗಳು ನಕ್ಕು ಹೇಳಿದರು: “ಜೂಜು ಬಿಟ್ಟು ಬಂದು ಅದೇ ಬಾಗಿಲಲ್ಲಿ ನಾನು ನಿಂತಾಗ ನೀನಿನ್ನೂ ಹುಟ್ಟಿರಲಿಲ್ಲ, ಮಗು.”