ಬೀರೇಶಿ ಹಳೇ ಕಾರಿಗೆ ಹೊಸ ಕಂಪ್ಯೂಟರು ಹಾಕಿಸಿದ್ದು

ನಗೋದಾದ್ರೆ ಬಾಯಿ ಮುಚ್ಕೊಂಡು ನಗ್ರಪ್ಪಾ, ಬೀರೇಶಿ ಇಲ್ಲೇ ಎಲ್ಲೋ ಸುಳೀತಿರ್ತಾನೆ.

ಹರಿಹರದ ಹತ್ರ ಕೆಂಚಮ್ಮ ಅಂತ ಒಬ್ಬ ಹೆಂಗಸು. ಗಂಡ ಟ್ಯಾಕ್ಸಿ ಓಡಿಸ್ತಿದ್ದ. ಅವನು ತೀರಿದ ಮೇಲೆ ಅವಳಿಗೆ ಉಳಿದದ್ದು ಕೆಟ್ಟು ನಿಂತ ಹಳೇ ಕಾರು, ಮತ್ತೆ ಈ ಮಗ ಬೀರೇಶಿ. ಎರಡನ್ನೂ ರಿಪೇರಿ ಮಾಡೋಕೆ ಯಾರಿಂದ್ಲೂ ಆಗ್ಲಿಲ್ಲ. ಮೀಸೆ ಬಂದ ಮಗ, "ಬಾಗ್ಲು ನೋಡ್ಕೋ" ಅಂದ್ರೆ ಬಾಗ್ಲನ್ನೇ ನೋಡ್ತಾ ಕೂರ್ತಿದ್ದ. ಹಿತ್ತಲಿಂದ ದನ ನುಗ್ಗಿ ಹಿಟ್ಟು ತಿಂದು ಹೋಗ್ತಿತ್ತು.

ಕೆಂಚಮ್ಮ ಒಂದನ್ನ ಎತ್ತಿಗೆ ಕಟ್ಟಿ, ಇನ್ನೊಂದನ್ನ ಕೈ ಹಿಡಿದು, ಅಣ್ಣ ಮೈಲಾರಪ್ಪನ ಗ್ಯಾರೇಜಿಗೆ ಎಳ್ಕೊಂಡು ಬಂದ್ಲು.

"ಅಣ್ಣಾ, ಕಾರು ಓಡಿದ್ರೆ ಡ್ರೈವರ್ ಇಟ್ಟು ಹೊಟ್ಟೆ ಹೊರ್ಕೊಳ್ತೀನಿ. ಇವನಿಗೂ ಏನಾದ್ರೂ ಕೆಲಸ ಕಲಿಸು."

ಮೈಲಾರಪ್ಪ ಬಾನೆಟ್ ಎತ್ತಿ ನೋಡಿದ. "ಎಂಜಿನ್ ಗಟ್ಟಿ ಐತೆ ತಂಗಿ. ಅದನ್ನ ನಡೆಸೋ ಕಂಪ್ಯೂಟರು ಸುಟ್ಟೈತೆ. ಇಷ್ಟು ಹಳೇದು ಎಲ್ಲೂ ಸಿಗಲ್ಲ. ಅದೇ ಕಂಪನಿಯ ಹೊಸ ಕಾರೊಂದು ಗುದ್ದಿಸ್ಕೊಂಡು ಗುಜರಿಗೆ ಬಂದೈತೆ, ಅದರ ಕಂಪ್ಯೂಟರು, ವೈರು ಇದಕ್ಕೆ ಕೂರಿಸ್ತೀನಿ. ಲೇ ಬೀರೇಶಿ, ಹೋಗಿ ಕಿತ್ಕೊಂಡು ಬಾ!"

ಬೀರೇಶಿ ಹೋದ. ಸೊಪ್ಪು ಕಿತ್ತ ಹಾಗೆ ಕಿತ್ತ. ಗೋಣಿಚೀಲಕ್ಕೆ ತುಂಬ್ಕೊಂಡು ಬಂದ.

"ಅಯ್ಯೋ ಪೆದ್ದ! ಯಾವ ವೈರು ಎಲ್ಲಿದು ಅಂತ ಈಗ ಹೆಂಗೋ ಗೊತ್ತಾಗೋದು? ಹಳೇ ಕಾರಿಂದಾದ್ರೂ ಒಂದೊಂದಕ್ಕೂ ಹೆಸರಿಟ್ಟು ಬಿಚ್ಚು!"

"ಆಗ್ಲಿ ಮಾವ!"

ಸ್ವಲ್ಪ ಹೊತ್ತಾದ ಮೇಲೆ ಮೈಲಾರಪ್ಪ ಕೇಳಿದ, "ಈ ದಪ್ಪಂದು ಯಾವುದೋ?"

"ಅದು ಹಾಲಮ್ಮ, ಮಾವ."

"ಏನು?"

"ಪಕ್ಕದ್ದು ಗುತ್ತೆಪ್ಪ. ಆ ಸಣ್ಣದಕ್ಕೆ ಇನ್ನೂ ಒಳ್ಳೇ ಹೆಸರು ಹೊಳೀಲಿಲ್ಲ. ತಗೊಳ್ಳಿ, ನಾಮಕರಣದ ಸಕ್ಕರೆ!"

"ನಿನ್ನ ಹೆಸರಿಗೆ ಬೆಂಕಿ ಹಾಕ! ಬಣ್ಣ ನೋಡೋ, ಬಣ್ಣ! ಈ ಕಡೆ ಬಣ್ಣಕ್ಕೂ ಆ ಕಡೆ ಬಣ್ಣಕ್ಕೂ ತಾಳೆ ಆಗ್ಬೇಕು!"

ಬೀರೇಶಿ ನೋಡಿದ. ಹಳೇ ವೈರು ಮಸಿ ಹಿಡಿದು ಎಲ್ಲಾ ಒಂದೇ ಥರ. ಹೊಸವು ಬಳೆ ಅಂಗಡಿ ಥರ. ಎಲ್ಲಿ ತಾಳೆ ಆಗ್ಬೇಕು? ಮೂಲೆಯಲ್ಲಿ ಟ್ರ್ಯಾಕ್ಟರಿಗೆ ಬಳಿಯೋ ಕೆಂಪು ಪೇಂಟಿನ ಡಬ್ಬಿ ಇತ್ತು. ಅವನ್ನೂ ಅದ್ದಿದ, ಇವನ್ನೂ ಅದ್ದಿದ.

"ಮಾವಾ! ಈಗ ಯಾವುದಕ್ಕೆ ಯಾವುದು ಬೇಕಾದ್ರೂ ತಾಳೆ!"

ಮೈಲಾರಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ತಾನೇ ಪೇಂಟು ಉಜ್ಜಿ, ಮೀಟರ್ ಹಿಡಿದು, ಬೆನ್ನು ಹಿಡ್ಕೊಳ್ಳೋವರೆಗೂ ಬಗ್ಗಿ ಜೋಡಿಸಿದ. ಕೊನೆಗೆ ಒಂದು ಕಪ್ಪು ವೈರು ಉಳೀತು.

"ನೋಡು, ನಿನ್ನ ತಲೆ ಓಡಿಸ್ಬೇಡ. ಹೇಳಿದ್ದಷ್ಟೇ ಮಾಡು. ನಾನು ಚಾ ಕುಡಿದು ಬರ್ತೀನಿ, ಈ ವೈರು ಬಾಡಿಗೆ ಕೊಡು."

ಬಂದು ನೋಡ್ತಾನೆ, ವೈರೇ ಇಲ್ಲ! ಬೀರೇಶಿ ಮಂಡಕ್ಕಿ-ಮೆಣಸಿನಕಾಯಿ ತಿಂತಾ ಕೂತಿದ್ದಾನೆ.

"ವೈರು ಎಲ್ಲೋ?"

"ಬಾಡಿಗೆ ಕೊಟ್ಟೆ ಮಾವ. ಪಕ್ಕದ ಶಾಮಿಯಾನದೋರು ತಗೊಂಡ್ರು. ಮಂಡಕ್ಕಿ ಕೊಡಿಸಿದ್ರು."

"ಕಾರಿನ ಬಾಡಿಗೆ ಕಣೋ!"

"ಕಾರೂ ಬಾಡಿಗೆಗಾ? ಮೊದ್ಲೇ ಹೇಳ್ಬಾರ್ದಾ ಮಾವ, ಅವರು ಕೇಳಿದ್ರು!"

"ತಗಡಿಗೆ ಕಣೋ, ಕಾರಿನ ತಗಡಿಗೆ!"

ಕೆಂಚಮ್ಮ ಸೆರಗಿಂದ ಕಣ್ಣೊರೆಸ್ಕೊಂಡ್ಲು. "ಇವನನ್ನ ಹೆತ್ತು ನಿನ್ನ ತಲೆಗೆ ಕಟ್ಟಿದ್ನಲ್ಲಣ್ಣಾ!"

"ಅಳ್ಬೇಡ ಸುಮ್ನಿರು" ಅಂತ ಮೈಲಾರಪ್ಪ ಶಾಮಿಯಾನದ ಕಂಬದಿಂದ ವೈರು ಬಿಚ್ಚಿ ತಂದ, ತಗಡಿಗೆ ಬಿಗಿದ, ಕೀ ತಿರುಗಿಸಿದ. ಗುರ್‍ರ್! ಕಾರು ಎದ್ದೇಬಿಡ್ತು! ಕೆಂಚಮ್ಮ ಖುಷಿಗೆ ಓಡಿ ಹೋಗಿ ಹಿಂದಿನ ಸೀಟಲ್ಲಿ ಕೂತ್ಲು. ಕೂತು ಸೀಟು ಸವರಿದ್ಲು.

ಎಂಜಿನ್ ಮಾತ್ರ ಒಮ್ಮೆ ಜೋರು, ಒಮ್ಮೆ ಮೆಲ್ಲಗೆ.

"ಕಂಪ್ಯೂಟರಿಗೆ ಈ ಕಾರು ಹೊಸದು" ಅಂದ ಮೈಲಾರಪ್ಪ. "ಹಿಂಗೇ ಬಿಡು, ತಾನೇ ಕಲ್ಕೊಳ್ತೈತೆ. ಕಲಿಯೋವಾಗ ಏನನ್ನೂ ಮುಟ್ಟಬೇಡ!" ಅಂತ ಕೈ ತೊಳಿಯೋಕೆ ಹೋದ.

ಬೀರೇಶಿ ಯೋಚ್ನೆ ಮಾಡಿದ. ನಿಂತಲ್ಲೇ ನಿಂತ್ರೆ ಏನ್ ಕಲೀತೈತೆ? ಮಾವ "ಬಿಡು" ಅಂದಿದ್ದಾರೆ. ಹತ್ತಿ, ಅಪ್ಪ ಮಾಡ್ತಿದ್ದ ಹಾಗೇ ಗೇರ್ ಹಾಕಿದ, ಕ್ಲಚ್ ಮೆಲ್ಲಗೆ ಬಿಟ್ಟ, ಕೆಳಗೆ ಜಿಗಿದ.

ಕಾರು ಹೊರಟಿತು! ಗೇಟು ದಾಟಿತು! ರಸ್ತೆ ದಾಟಿತು!

"ಅಯ್ಯಯ್ಯೋ! ಬೀರೇಶೀ! ಸ್ಟೇರಿಂಗ್ ಹಿಡಿಯೋ!" ಹಿಂದಿನ ಸೀಟಿಂದ ಕೆಂಚಮ್ಮ ಕಿರುಚಿದ್ಲು.

ಬೀರೇಶಿ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ಕಾರಿನ ಪಕ್ಕ ಓಡ್ತಿದ್ದ. "ಮುಟ್ಟಬಾರ್ದು ಅವ್ವಾ!"

"ಬ್ರೇಕ್ ಒತ್ತೋ!"

"ಮುಟ್ಟಬಾರ್ದು! ನೀನೂ ಗಲಾಟೆ ಮಾಡ್ಬೇಡ, ಅದು ಕಲೀತೈತೆ!"

ಕಾರು ನೆಟ್ಟಗೆ ಹೋಗಿ ಹುಲ್ಲಿನ ಬಣವೆಗೆ ನುಗ್ಗಿ, ಕೆಮ್ಮಿ, ನಿಂತಿತು. ಮೈಲಾರಪ್ಪ ಸೋಪಿನ ಕೈಯಲ್ಲೇ ಓಡಿ ಬಂದ. ಹಿಂದಿನ ಬಾಗ್ಲು ತೆಗೆದು ಕೆಂಚಮ್ಮ ಇಳಿದ್ಲು. ತಲೆ ತುಂಬಾ ಹುಲ್ಲು.

ಬೀರೇಶಿ ಬಾನೆಟ್ ಮೇಲೆ ಮೆಲ್ಲಗೆ ತಟ್ಟಿದ.

"ಬೈಬೇಡಿ ಮಾವ, ಮೊದಲನೇ ದಿನ ಅಲ್ವಾ? ನೆಟ್ಟಗೆ ಹೋಗೋದು ಕಲ್ತೈತೆ. ತಿರುಗೋದು ನಾಳೆ ಕಲೀತೈತೆ."