ಮಡಿಕೆ ಬಿಚ್ಚದ ರವಿಕೆ ಕಣ

ಕೆ.ಆರ್. ನಗರದಲ್ಲಿ ತುಂಗಮ್ಮ ಅಂತ ಒಬ್ಬಳು ಬಟ್ಟೆ ಹೊಲಿಯುತ್ತಿದ್ದಳು. ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಒಬ್ಬಳೇ ಮಗಳು, ಪೂರ್ಣಿಮಾ. ಮದುವೆಯಾಗಿ ಮೈಸೂರಿನಲ್ಲಿ ದೊಡ್ಡ ಮನೆ ಕಟ್ಟಿಸಿಕೊಂಡಿದ್ದಳು. ಪಾತ್ರೆ ತೊಳೆಯುವ ಮಿಷನ್ನಿನಿಂದ ಹಿಡಿದು ಬೆನ್ನು ಒತ್ತುವ ಕುರ್ಚಿಯವರೆಗೆ ಆ ಮನೆಯಲ್ಲಿ ಇಲ್ಲ ಅನ್ನುವ ಸಾಮಾನೇ ಇರಲಿಲ್ಲ.

ಗೌರಿ ಹಬ್ಬ ಹತ್ತಿರ ಬಂತೆಂದರೆ ತುಂಗಮ್ಮನಿಗೆ ಚಿಂತೆ. ಬಾಗಿನವೇನೋ ಸರಿ. ಮೊರದಲ್ಲಿ ಬಳೆ, ಅರಿಶಿನ ಕುಂಕುಮ, ಬೇಳೆ, ಬೆಲ್ಲ ಇಟ್ಟರಾಯಿತು. ಆದರೆ ಹೆತ್ತವಳು ಮಗಳ ಕೈಗೆ ಅಂತ ಬೇರೆ ಏನಾದರೂ ಕೊಡಬೇಡವೇ? ಕೈಯಲ್ಲಿ ಕಾಸಿಲ್ಲ, ಅವಳಿಗೆ ಬೇಕಾದ್ದೂ ಏನಿಲ್ಲ. ಫೋನು ಮಾಡಿ ಕೇಳುತ್ತಿದ್ದಳು.

"ಏನು ತರಲೇ ಪೂರ್ಣೀ?"

"ಏನೂ ಬೇಡಮ್ಮ, ಇಲ್ಲಿ ಎಲ್ಲಾ ಇದೆ. ಸುಮ್ನೆ ದಂಡ."

ಎಲ್ಲಾ ಇದೆಯಂತೆ! ಈ ಮಾತು ಕೇಳಿದರೇ ನನಗೆ ಮೈಯೆಲ್ಲಾ ಉರಿಯುತ್ತದೆ. ಒಂದು ವರ್ಷ ತುಂಗಮ್ಮ ಹಾಲಿನ ಕುಕ್ಕರ್ ತಂದಳು, ಅದು ಕೆಲಸದವಳ ಮನೆ ಸೇರಿತು. ಮರುವರ್ಷ ಗೋಡೆ ಗಡಿಯಾರ, ಅಟ್ಟ ಸೇರಿತು. ಅದರ ಮಾರನೇ ವರ್ಷ ಹೂವಿನ ಚಿತ್ತಾರದ ಒಳ್ಳೇ ಹೊದಿಕೆ ತಂದಳು. ಅದನ್ನು ಕಾರಿಗೆ ಹೊದಿಸಿದರು ರೀ, ಕಾರಿಗೆ! ತುಂಗಮ್ಮ ವರಾಂಡದಲ್ಲಿ ಕೂತು ಅದನ್ನೂ ನೋಡಿದಳು.

ಅದರ ಮುಂದಿನ ವರ್ಷ ಅವಳು ಉಡುಗೊರೆಗೆ ಅಂತ ಅಂಗಡಿಗೇ ಹೋಗಲಿಲ್ಲ. ಟ್ರಂಕಿನಿಂದ ತನ್ನ ಧಾರೆ ಸೀರೆ ತೆಗೆದಳು. ಮೈಯೆಲ್ಲಾ ಹರಿದು ಹೋಗಿತ್ತು, ಸೆರಗು ಮಾತ್ರ ಗಟ್ಟಿಯಾಗಿತ್ತು. ಹಸಿರು ರೇಷ್ಮೆ, ಅದರ ಮೇಲೆ ಸಾಲಾಗಿ ಗಿಣಿಗಳು. ಪೂರ್ಣಿಮಾ ಕೂಸಾಗಿದ್ದಾಗ ಆ ಸೆರಗನ್ನು ಮುಷ್ಟಿಯಲ್ಲಿ ಹಿಡಿಯದೆ ಮಲಗುತ್ತಿರಲಿಲ್ಲ. ಹಲ್ಲು ಬರುವಾಗ ಒಂದು ಗಿಣಿಯ ರೆಕ್ಕೆ ಕಚ್ಚಿ ಕಚ್ಚಿ ತೂತು ಮಾಡಿದ್ದಳು.

ತುಂಗಮ್ಮ ಆ ಸೆರಗನ್ನು ರವಿಕೆ ಕಣದ ಅಳತೆಗೆ ಕತ್ತರಿಸಿ ಅಂಚು ಹೊಲಿದಳು. ತೂತಿದ್ದ ಕಡೆ ಕೆಂಪು ದಾರದಲ್ಲಿ ಪುಟ್ಟ ಹೂವು ಹಾಕಿದಳು. ಕಣ್ಣು ಮಂಜು, ಸೂಜಿ ಪೋಣಿಸಲು ಗಂಡನನ್ನು ಕರೆಯಬೇಕು. ಹಾಗೇ ನಾಲ್ಕು ದಿನ ಕೂತಳು. ಬಿಚ್ಚಿದ ಕೂಡಲೇ ಮಗಳು ಆಶ್ಚರ್ಯಪಡಲಿ ಅಂತ ಗಿಣಿಗಳನ್ನು ಒಳಗೆ ಮಾಡಿ ಮಡಿಚಿದಳು. ಅಲ್ಲೇ ಎಡವಿದ್ದು ಪಾಪ. ಹೊರಗಿನಿಂದ ನೋಡಿದರೆ ಅದು ಹತ್ತರಲ್ಲಿ ಹನ್ನೊಂದನೇ ಕಣದ ಹಾಗೆ ಕಂಡಿತು.

ಬಾಗಿನದ ಮೊರದಲ್ಲಿ ಹಳೇ ಬಟ್ಟೆ ಇಡಬಾರದು. ಅದಕ್ಕೇ ಮೊರಕ್ಕೆ ಹೊಸ ಕಣ ಇಟ್ಟು, ಹಬ್ಬಕ್ಕೆ ಮೈಸೂರಿಗೆ ಹೋದಾಗ ಇದನ್ನು ಮಗಳ ಕೈಗೇ ಕೊಟ್ಟಳು.

"ಬಿಚ್ಚಿ ನೋಡೇ."

"ಆಮೇಲೆ ನೋಡ್ತೀನಮ್ಮ. ಗೌರಿ ಮಂಟಪಕ್ಕೆ ಲೈಟು ಹಾಕೋರು ಬಂದಿದಾರೆ."

ಕಣ ಸೀದಾ ಡ್ರಾಯರಿಗೆ ಹೋಯಿತು. ಯಾವ ಡ್ರಾಯರ್ ಅಂತ ನಿಮಗೆ ಗೊತ್ತು. ನಿಮ್ಮ ಮನೆಯಲ್ಲೂ ಇದೆ. ಅರಿಶಿನ ಕುಂಕುಮಕ್ಕೆ ಹೋದಾಗ ಬಂದ ಕಣಗಳೆಲ್ಲ ಅದರೊಳಗೆ. ಮನೆಗೆ ಬಂದವರಿಗೆ ಅದರಿಂದಲೇ ತೆಗೆದು ಕೊಡುವುದು. ಬಂದದ್ದನ್ನು ಯಾರೂ ಬಿಚ್ಚುವುದಿಲ್ಲ, ಯಾರೂ ಹೊಲಿಸುವುದಿಲ್ಲ. ಕೊಡುವವರಿಗೂ ನಾಚಿಕೆ ಇಲ್ಲ, ಇಸಿದುಕೊಳ್ಳುವವರಿಗೂ ಇಲ್ಲ.

ಹಬ್ಬದ ಸಂಜೆ ಪಕ್ಕದ ಮನೆ ಜಯಶೀಲಮ್ಮ ಕುಂಕುಮಕ್ಕೆ ಬಂದು ಹೋದರು. ಆಮೇಲೆ ತುಂಗಮ್ಮನನ್ನೂ ತಮ್ಮ ಮನೆಗೆ ಕರೆದರು. ಕುಂಕುಮ ಇಟ್ಟು, ಎಲೆ ಅಡಿಕೆ ಬಾಳೆಹಣ್ಣಿನ ಜೊತೆ ಒಂದು ಕಣ ಕೈಗಿತ್ತರು.

"ತಗೊಳ್ಳಿ ತುಂಗಮ್ಮನೋರೆ, ಹೊಲಿಸ್ಕೊಳ್ಳಿ. ಒಳ್ಳೇ ಕಣ."

ಬಟ್ಟೆ ಮುಟ್ಟಿದ ಬೆರಳಿಗೆ ತಿಳಿಯದೇ? ಮಡಿಕೆಯ ತುದಿ ಎತ್ತಿದಳು. ಒಳಗೆ ಗಿಣಿ. ಗಿಣಿಯ ರೆಕ್ಕೆಯ ಮೇಲೆ ಕೆಂಪು ಹೂವು.

ಅಯ್ಯೋ ಶಿವನೇ! ಒಂದೇ ಸಂಜೆಗೆ ಎರಡು ಮನೆ ತಿರುಗಿ ಬಂದಿತ್ತು. ಜಯಶೀಲಮ್ಮನಾದರೂ ಬಿಚ್ಚಿದ್ದರೆ, ಹಬ್ಬಕ್ಕೆ ಹಳೇ ಬಟ್ಟೆ ಕೊಟ್ಟರಲ್ಲ ಅಂತ ಜಗಳಕ್ಕಾದರೂ ಬರುತ್ತಿದ್ದರು. ಅವರೂ ಬಿಚ್ಚಿರಲಿಲ್ಲ! ನಾನಾಗಿದ್ದರೆ ಅಲ್ಲೇ ಬೀದಿಗೆ ಕೇಳುವಂತೆ ಕೂಗುತ್ತಿದ್ದೆ. ತುಂಗಮ್ಮ ಕೂಗಲಿಲ್ಲ. ಕಣವನ್ನು ಸೆರಗಿನೊಳಗೆ ಇಟ್ಟುಕೊಂಡು, ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೊರಟುಹೋದಳು. ಗಣೇಶನ ಹಬ್ಬದ ಕಡುಬಿಗೂ ನಿಲ್ಲಲಿಲ್ಲ. ಯಾಕೆ ಅಂತ ಮಗಳು ಕೇಳಲೂ ಇಲ್ಲ.

ಮರುವರ್ಷ ಗೌರಿ ಹಬ್ಬಕ್ಕೆ ತುಂಗಮ್ಮ ಮತ್ತೆ ಮೈಸೂರಿಗೆ ಬಂದಳು. ಹಳದಿ ಸೀರೆ, ಹಸಿರು ರೇಷ್ಮೆ ರವಿಕೆ. ಬಾಗಿಲು ತೆಗೆದ ಪೂರ್ಣಿಮಾ ಹಾಗೇ ನಿಂತಳು. ಅಮ್ಮನ ತೋಳು ಹಿಡಿದು, ಕೆಂಪು ಹೂವನ್ನು ಬೆರಳಲ್ಲಿ ಸವರಿದಳು.

"ಅಮ್ಮಾ, ಇದು ನಾನು ಕಚ್ಚಿದ ಗಿಣಿ ಅಲ್ವಾ? ನಿನ್ನ ಧಾರೆ ಸೀರೇದು! ಎಷ್ಟು ಚೆನ್ನಾಗಿದೆ! ನನಗೆ ಯಾಕಮ್ಮ ಕೊಡಲಿಲ್ಲ?"

"ಕೊಟ್ಟಿದ್ದೆ ಕಣೇ. ಹೋದ ವರ್ಷ, ನಿನ್ನ ಕೈಗೇ. ನೀನು ಜಯಶೀಲಮ್ಮಂಗೆ ಕೊಟ್ಟೆ. ಅವರು ತಂದು ನನಗೇ ಕೊಟ್ಟರು."

ಪೂರ್ಣಿಮಾಳ ಮುಖ ಸಪ್ಪಗಾಯಿತು. ಕಣ್ಣಲ್ಲಿ ನೀರು ಬಂತು. ಬರಲಿ ಬಿಡಿ, ನನಗೇನೂ ಅಯ್ಯೋ ಅನ್ನಿಸಲಿಲ್ಲ.

"ನನಗೂ ಒಂದು ಇಂಥದೇ ಹೊಲಿದುಕೊಡಮ್ಮ."

"ಒಂದು ಸೀರೆಗೆ ಎಷ್ಟು ಸೆರಗು ಇರುತ್ತೇ?"

"ಹಾಗಾದ್ರೆ ಇದನ್ನೇ ಬಿಚ್ಚಿ ನನ್ನ ಅಳತೆಗೆ..."

"ಕತ್ತರಿ ಹಾಕಿದ ಬಟ್ಟೆ ಮತ್ತೆ ಕಣ ಆಗಲ್ಲ. ಟೈಲರ್ ಮಗಳು ನೀನು, ಅಷ್ಟೂ ಗೊತ್ತಿಲ್ವಾ?"

ತುಂಗಮ್ಮ ಚೀಲದಿಂದ ಬಾಗಿನದ ಮೊರ ತೆಗೆದಿಟ್ಟಳು. ಆಮೇಲೆ ಎಂದಿನಂತೆ ಮಗಳ ಕೈಗೆ ಬೇರೆ ಒಂದು ಕಣ ಕೊಟ್ಟಳು. ಪೂರ್ಣಿಮಾ ಅವಸರ ಅವಸರವಾಗಿ ಒಂದೊಂದೇ ಮಡಿಕೆ ಬಿಚ್ಚಿದಳು. ತಿರುಗಿಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಗಿಣಿ ಇಲ್ಲ, ಹೂವಿಲ್ಲ. ಮೂಲೆಯಲ್ಲಿ ಅಂಗಡಿಯ ಚೀಟಿ ಅಂಟಿಕೊಂಡಿತ್ತು.

"ಈ ಸಲ ಅಂಗಡಿಯಿಂದಲೇ ತಂದೆ," ಅಂದಳು ತುಂಗಮ್ಮ. "ನಿನ್ನ ಡ್ರಾಯರಿಗೆ ಸರಿಹೋಗುತ್ತೆ."

ನೀತಿ: ಹೆತ್ತವರು ಕೈಗೆ ಕೊಟ್ಟದ್ದನ್ನು ಅವರೆದುರೇ ಬಿಚ್ಚಿ ನೋಡಿ, ಅದು ಎರಡು ರೂಪಾಯಿಯದಾದರೂ ಸರಿ. "ನನ್ನ ಹತ್ತಿರ ಎಲ್ಲಾ ಇದೆ" ಅಂತ ಅದನ್ನು ಪಕ್ಕಕ್ಕಿಟ್ಟವರಿಗೆ, ಇಲ್ಲದ್ದು ಯಾವುದೆಂದು ತಿಳಿಯುವ ಹೊತ್ತಿಗೆ ಅದಕ್ಕೆ ಕತ್ತರಿ ಬಿದ್ದಿರುತ್ತದೆ.